ಅಪ್‌ಡೇಟ್: ಹೆಲ್ಸ್ ಗೇಟ್‌ಗೆ ಸೈಕಲ್‌ನಲ್ಲೇ ಹೋಗಿ ಬಂದೆವು

ಕೀನ್ಯಾದ ನೈವಾಷಾ ಸರೋವರದ ಬಳಿಯ ಹೆಲ್ಸ್ ಗೇಟ್ ಉದ್ಯಾನದಲ್ಲಿ ಕಾಡುಪ್ರಾಣಿಗಳ ನಡುವೆ ಸೈಕಲ್ ತುಳಿಯಲು ಧೈರ್ಯ ಮಾಡಬಹುದೇ ಎಂದು ಕೇಳಿದ್ದೆನಲ್ಲ, ಮಾಡಿದೆವು. ಗೇಟಿನ ಬಳಿ ಬಾಡಿಗೆ ಸೈಕಲ್ ಸಿಕ್ಕಿತು. ಬ್ರೇಕ್ ನೋಡಿಕೊಂಡು ತೆಗೆದುಕೊಳ್ಳಿ. ನನ್ನದರಲ್ಲಿ ಹಿಂದಿನ ಬ್ರೇಕ್ ಹೆಸರಿಗಷ್ಟೇ ಇತ್ತು.

ಫಿಶರ್ಸ್ ಟವರ್ ಬಂಡೆ ದಾಟಿದ ಮೇಲೆ ಜೀಬ್ರಾಗಳು ದಾರಿಗೆ ಅಡ್ಡ ಬಂದವು. ಇಳಿದು ನಿಂತೆ. ಹುಲ್ಲು ಕೀಳುವ ಚರಚರ ಸದ್ದೂ ಕೇಳಿಸುತ್ತಿತ್ತು. ಜೀಪಿನೊಳಗೆ ಕುಳಿತವರಿಗೆ ಅದೆಲ್ಲಿ ದಕ್ಕೀತು! ಕಾಡೆಮ್ಮೆ ಕಂಡಾಗ ಮಾತ್ರ ದೂರದಲ್ಲೇ ಉಸಿರು ಬಿಗಿಹಿಡಿದೆವು.

ಕಮರಿಗೆ ಮಾರ್ಗದರ್ಶಿಯೊಂದಿಗೆ ನಡೆದೇ ಇಳಿದೆವು. ಬಂಡೆಯ ಸಂದಿನಿಂದ ಬಿಸಿನೀರು ಒಸರುತ್ತದೆ. ಮೋಡ ಕಟ್ಟಿದ್ದರೆ ಇಳಿಯಬೇಡಿ: 2019ರಲ್ಲಿ ಹಠಾತ್ ಪ್ರವಾಹ ಅಲ್ಲಿ ಪ್ರವಾಸಿಗರನ್ನು ಕೊಚ್ಚಿಕೊಂಡು ಹೋಗಿತ್ತು. ನನ್ನ ತೊಡೆಗಳು ಇನ್ನೂ ನೋಯುತ್ತಿವೆ.