‘ಹೀಟರ್ ಕಾಯುವವರೆಗೆ ಕಾಯಿರಿ’ ಎನ್ನಬಹುದೇ?

ಹಳೆಯ ಡೀಸೆಲ್ ಕಾರುಗಳನ್ನು ಬಿಡಲೊಲ್ಲದ ಬೆಳಗಾವಿಯ ಗೆಳೆಯರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಡಿಸೆಂಬರ್ ಮುಂಜಾವಿನ ತಂಡಿಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಸೆಲ್ಫ್ ಹೊಡೆಯಬಾರದು. ಎಂಜಿನ್ನಿನೊಳಗಿನ ಹೀಟರ್ ಬಿಸಿಯಾಗಿ ಡ್ಯಾಶ್‌ಬೋರ್ಡಿನ ಸುರುಳಿಯಾಕಾರದ ಹಳದಿ ದೀಪ ಆರಬೇಕು, ಆಮೇಲೆ ಹೊಡೆಯಬೇಕು. (ದೀಪವೇ ಇಲ್ಲದ ಇನ್ನೂ ಹಳೆಯ ಗಾಡಿಯಾದರೆ ಮನಸ್ಸಿನಲ್ಲೇ ಎಣಿಸಬೇಕು.) ಇಷ್ಟನ್ನು ಹೇಳಲು ಹೊರಟಾಗ ಬಂದ ವಾಕ್ಯ: ‘ಹೀಟರ್ ಕಾಯುವವರೆಗೆ ಕಾಯಿರಿ.’

ಬಿಸಿಯಾಗುವ ‘ಕಾಯು’, ದಾರಿ ನೋಡುವ ‘ಕಾಯು’ ಮೂಲದಲ್ಲಿ ಬೇರೆ ಬೇರೆ ಧಾತುಗಳು. ತಮಿಳಿನಲ್ಲಿ ಒಂದು ‘ಕಾಯ್’, ಇನ್ನೊಂದು ‘ಕಾ’. ನಮ್ಮಲ್ಲಿ ಎರಡೂ ಒಂದೇ ರೂಪ ತಳೆದಿವೆ: ಕಾದ ಎಣ್ಣೆ, ಬಸ್ಸಿಗಾಗಿ ಕಾದ ಜನ. ‘ಎಂಜಿನ್ ಕಾಯಿಸಿ’ ಎಂದರೂ ತೊಡಕು ತಪ್ಪದು. ಒಂದು ತಾಸು ನಮ್ಮನ್ನು ಕಾಯಿಸುವ ಗುಮಾಸ್ತನಿಗೂ ಅದೇ ಕ್ರಿಯಾಪದ. ‘ಪೂರ್ವತಾಪನ’ವನ್ನು ದಯವಿಟ್ಟು ಸೂಚಿಸಬೇಡಿ. ಪಠ್ಯಪುಸ್ತಕದ ಹೊರಗೆ ಆ ಪದವನ್ನು ಬಾಯಿಂದ ಆಡಿದವರನ್ನು ನಾನು ಕಂಡಿಲ್ಲ.

‘ಹೀಟರ್’ ಎಂಬ ಗ್ಯಾರೇಜಿನ ಮಾತನ್ನು ಮಾತ್ರ ಬಿಡಲಾರೆ. ಬಿಡಿಭಾಗಗಳ ಪಟ್ಟಿಯಲ್ಲಿ ಅದು ಗ್ಲೋ ಪ್ಲಗ್. ಅದಕ್ಕೆ ‘ಕಿಡಿ’ ಸೇರಿಸಿ ಕನ್ನಡ ಪದ ಕಟ್ಟಿದರೆ ಅರ್ಥವೇ ಕೆಡುತ್ತದೆ, ಏಕೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಶಾಖಕ್ಕೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ತಣ್ಣಗಿರುವ ಕಬ್ಬಿಣ ಆ ಶಾಖವನ್ನು ನುಂಗಿಬಿಡುತ್ತದೆ. ಇಂಧನವನ್ನು ಮೊದಲು ಪಕ್ಕದ ಪುಟ್ಟ ಕೋಣೆಗೆ ಚಿಮ್ಮಿಸುವ ಹಳೆಯ ಎಂಜಿನ್ನುಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು. ಆ ಕೋಣೆಯಲ್ಲಿ ಕೆಂಪಗೆ ಕಾದು ನಿಲ್ಲುವ ಮೊನೆಯನ್ನು ಹೀಟರ್ ಎನ್ನದೆ ಇನ್ನೇನೆನ್ನುವುದು?

ಜೊತೆಗೊಂದು ಸಣ್ಣ ಅನುಮಾನ. ನಮ್ಮ ಹತ್ತು-ಹನ್ನೆರಡು ಡಿಗ್ರಿಯಲ್ಲಿ ಡೀಸೆಲ್ ಗಟ್ಟಿಯಾಗುವ ಭಯವಿಲ್ಲ. ಲಡಾಖಿನಲ್ಲಿ ಇದೆ, ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಅಲ್ಲಿಗೆ 2019ರಲ್ಲಿ ಬಂತು. ಇದನ್ನು ಹೇಳುವಾಗ ‘ಹೆಪ್ಪುಗಟ್ಟು’ ಎಂದು ಬರೆದರೆ ಇಡೀ ಟ್ಯಾಂಕು ಕಲ್ಲಾದಂತೆ ಕೇಳಿಸುತ್ತದೆ. ಅದಕ್ಕೂ ಬಹಳ ಮೊದಲೇ ಮೇಣದ ಕಣಗಳು ಮೂಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತುಪ್ಪ ಹರಳುಗಟ್ಟಿದ ಹಾಗೆ. ‘ಡೀಸೆಲ್ ಹರಳುಗಟ್ಟಿತು’ ಎಂದರೆ ಓದುಗರಿಗೆ ತಿಳಿಯುತ್ತದೆಯೇ?

ಸದ್ಯಕ್ಕೆ ‘ಹೀಟರ್ ಕಾಯಲಿ, ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಿರಿ’ ಎಂದು ಬರೆದಿಟ್ಟಿದ್ದೇನೆ. ಬಾಗಲಕೋಟೆ, ವಿಜಯಪುರದ ಮೆಕ್ಯಾನಿಕ್‌ಗಳು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ತಿಳಿಸಿ.