ಮಾರ್ಚ್‌ನಲ್ಲಿ ಮೋರ್ಯರ ಗುಡ್ಡ: ಹೋದವರು ಹೇಳಿ

ಕೇಳಿದವರು: ಆನೆಗೊಂದಿ ಹತ್ತಿರ ಗೆಳೆಯರ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕುತ್ತೇವೆ. ಮಧ್ಯದ ದಿನ ಹಿರೇಬೆಣಕಲ್‌ನ ಮೋರ್ಯರ ಗುಡ್ಡ, ಅದೇ ಮನೆಯಂಥ ಹಳೇ ಕಲ್ಲುಗೋರಿಗಳಿರುವ ಗುಡ್ಡ, ಹತ್ತುವ ಆಸೆ. ಜೊತೆಗೆ ಅಪ್ಪ ಇದ್ದಾರೆ, 58 ವರ್ಷ, ಮಂಡಿ ನೋವು. ಆಗುತ್ತದಾ?

ಬಿಸಿಲುಬಂಡೆ: ನಾನು ಹೋಗಿದ್ದು ಫೆಬ್ರವರಿ ಕೊನೆಗೆ. ಮೂವರಿಗೆ ಆರು ಲೀಟರ್ ನೀರು, ಹತ್ತೂವರೆಗೇ ನಾಲ್ಕು ಖಾಲಿ. ಬಂಡೆ ಕಾದ ಹೆಂಚಿನ ಹಾಗಿತ್ತು. 3,400 ರೂಪಾಯಿ ಶೂ, ಎಡಗಾಲಿನ ಅಟ್ಟೆ ಅಲ್ಲೇ ಕಿತ್ತು ಬಂತು. ಟವೆಲ್ ಹರಿದು ಕಾಲಿಗೆ ಕಟ್ಟಿಕೊಂಡು ಇಳಿದೆ. ಚಪ್ಪಲಿಗೆ 180, ಆಟೋಗೆ 600, ಪಾದದ ಬೊಬ್ಬೆಗೆ ಮುಲಾಮು 95. ಒಂದು ವಾರ ಆಫೀಸಿಗೆ ಕುಂಟಿಕೊಂಡೇ ಹೋದೆ. ಆದರೂ ಮೇಲೆ ಆ ಕಲ್ಲುಮನೆಗಳು, ಒಂದೊಂದು ಚಪ್ಪಡಿಗೂ ದುಂಡನೆ ಕಿಂಡಿ... ಬೈದುಕೊಳ್ಳುತ್ತಲೇ ಒಂದು ಗಂಟೆ ಕೂತೆ.

ಸಂಡೂರಿನವ: ಇಷ್ಟು ಒದ್ದಾಡುವ ಬದಲು ಸಂಡೂರಿಗೆ ಬನ್ನಿ. ಮಳೆ ನಿಂತ ಮೇಲೆ ರಾಮನದುರ್ಗ ಹತ್ತಿ. ಬ್ರಿಟಿಷರು ಕಾಯಿಲೆ ಸೈನಿಕರನ್ನು ಗಾಳಿಗೆ ಕಳಿಸುತ್ತಿದ್ದ ಜಾಗ ಅದು. ನಾವು ಸೆಪ್ಟೆಂಬರ್‌ನಲ್ಲಿ ಹೋದಾಗ ಮೊಣಕಾಲುವರೆಗೆ ಕೆಂಪು ಕೆಸರು. ಪ್ಯಾಂಟ್ ಇವತ್ತಿಗೂ ಕೆಂಪೇ. ನನಗೆ ಬೇಜಾರಿಲ್ಲ.

ಬಿಸಿಲುಬಂಡೆ: ಅದಿರು ಲಾರಿಯ ಧೂಳು ಕುಡಿಯಲು ಅಷ್ಟು ದೂರ ಬರಬೇಕಾ?

ಸಂಡೂರಿನವ: ಲಾರಿ ರಸ್ತೆಯಲ್ಲಿ ಓಡುತ್ತದೆ ಸ್ವಾಮಿ, ಗುಡ್ಡದ ನೆತ್ತಿ ಮೇಲಲ್ಲ. ನೋಡದೆ ಮಾತಾಡಬೇಡಿ.

ಗಂಗಾವತಿ ಅಕ್ಕ: ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ. ನಾವು 500 ರೂಪಾಯಿ ಉಳಿಸಲು ಫೋನ್ ನಕ್ಷೆ ನಂಬಿದೆವು. ಮುಳ್ಳುಕಂಟಿಯಲ್ಲಿ ಎರಡೂವರೆ ಗಂಟೆ ಸುತ್ತಾಟ. ಹೊಸ ಚೂಡಿದಾರ್ ಹೋಯಿತು, ಅದೇ 1,250. ದಾರಿಯಲ್ಲಿ ಕರಡಿ ಹಿಕ್ಕೆ ಬೇರೆ! ನನ್ನ ಗಂಡ ಇವತ್ತಿಗೂ ಅದು ಆಡಿನದು ಅಂತಾರೆ. ಮೇಲೆ ಮೌರ್ಯರು ಕಟ್ಟಿದ ಸಮಾಧಿ ನೋಡಿ ಸುಸ್ತೆಲ್ಲ ಮರೆತೆ. ನಗಾರಿಯ ಹಾಗೆ ಸದ್ದು ಮಾಡುವ ಬಂಡೆ, ಆ ನಗಾರಿಗುಂಡನ್ನೂ ಕಲ್ಲಿನಿಂದ ಬಡಿದು ನೋಡಿದೆವು, ಢಂ ಅಂತ ಕೇಳಿಸಿತು.

ಹಳೇಕಲ್ಲು: ಎರಡು ತಪ್ಪು. ಒಂದು, ಮೋರ್ಯರು ಅಂದರೆ ಮೌರ್ಯರಲ್ಲ. ಜನ ಹೇಳುವುದು ಮೋರ್ಯರೆಂಬ ಕುಳ್ಳರ ಕಥೆ. ಮೌರ್ಯರ ಅಶೋಕನ ಶಾಸನ ಇರುವುದು ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ. ಇಲ್ಲಿನ ಗೋರಿಗಳು ಅವನಿಗಿಂತ ಹಿಂದೆಯೇ ಶುರುವಾದವು, ನಾನೂರರ ಹತ್ತಿರ ಇವೆ. ಎರಡು, ಆ ಗುಂಡನ್ನು ಬಡಿಯಲು ನಿಮಗೆ ಹೇಳಿದವರ್ಯಾರು? 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು, ಜಾತ್ರೆಯ ಡೊಳ್ಳಲ್ಲ.

ಗಂಗಾವತಿ ಅಕ್ಕ: ಮೂರೇ ಏಟು. ನೀವು ಬಡಿದಿಲ್ಲ ಅಂತ ಆಣೆ ಮಾಡಿ ನೋಡೋಣ.

ಹಳೇಕಲ್ಲು: ಒಂದು ಸಲ. ಕೈಯಿಂದ.

ಸಂಡೂರಿನವ: ಹಹ್ಹಾ. ಅಪ್ಪನನ್ನು ತೋಟದಲ್ಲೇ ಬಿಡಿ, ಡಿಸೆಂಬರ್‌ಗೆ ಹೋಗಿ. ಮತ್ತೆ ಬಿಸಿಲುಬಂಡೆಯವರೇ, ಮೂರು ವರ್ಷ ಮಂಚದ ಕೆಳಗಿಟ್ಟ ಶೂ ಅಟ್ಟೆ ಎಲ್ಲಿ ಹೋದರೂ ಕೀಳುತ್ತದೆ.

ಬಿಸಿಲುಬಂಡೆ: ಮೂರು ವರ್ಷ ಅಂತ ಯಾರು ಹೇಳಿದ್ದು? ಹದಿನಾಲ್ಕು ತಿಂಗಳು. ಬಿಲ್ ಇದೆ.