ಮೂರು ಸರ್ವರ್‌ಗಳಿಗೆ ಒಂದೇ ಮಿಡಲ್‌ವೇರ್: ಯಾವುದನ್ನು ಆಯ್ಕೆಗೆ ಬಿಡಬೇಕು?

ಪ್ರಶ್ನೆ, ಸಾಗರದಿಂದ

ಎಕ್ಸ್‌ಪ್ರೆಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಮೇಲಿನ ವೆಬ್ ಚೌಕಟ್ಟು) ಬರೆದ ಮೂರು ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ: ಒಂದು ಅಡಿಕೆ ಮಂಡಿಯ ತೂಕದ ಚೀಟಿಗಳಿಗೆ, ಒಂದು ಹೋಂಸ್ಟೇ ಬುಕಿಂಗ್‌ಗೆ, ಮತ್ತೊಂದು ಗೊಬ್ಬರದ ಅಂಗಡಿಯ ಆರ್ಡರ್‌ಗಳಿಗೆ. ಮಳೆಗಾಲದಲ್ಲಿ ಹೊಸನಗರ, ಆಗುಂಬೆಯ ಕಡೆ ನೆಟ್‌ವರ್ಕ್ ಬಂದು ಹೋಗುವಾಗ ಸರ್ವರ್‌ನ ಉತ್ತರ ಮೊಬೈಲಿಗೆ ತಲುಪುವುದಿಲ್ಲ, ಆ್ಯಪ್ ಅದೇ ಕೋರಿಕೆಯನ್ನು ಮತ್ತೆ ಕಳುಹಿಸುತ್ತದೆ. ಕಳೆದ ಆಷಾಢದಲ್ಲಿ ಒಬ್ಬ ರೈತರ ಏಳು ಚೀಲ ರಾಶಿ ಅಡಿಕೆ ಹೀಗೆಯೇ ಎರಡು ಸಲ ದಾಖಲಾಗಿ, ಲೆಕ್ಕ ಸರಿಪಡಿಸಲು ಒಂದು ದಿನ ಹಿಡಿಯಿತು.

ಆ ಬಳಿಕ ಪ್ರತಿ ದಾಖಲೆಗೂ ಆ್ಯಪ್ ಒಂದು ವಿಶಿಷ್ಟ ಕೀ ಕಳುಹಿಸುವಂತೆ ಮಾಡಿದೆ. ಅದೇ ಕೀ ಮತ್ತೆ ಬಂದರೆ ಹೊಸದಾಗಿ ದಾಖಲಿಸದೆ ಹಳೆಯ ಉತ್ತರವನ್ನೇ ಹಿಂತಿರುಗಿಸುವ ಮಿಡಲ್‌ವೇರ್ (ಕೋರಿಕೆ ಮುಖ್ಯ ಕೋಡನ್ನು ತಲುಪುವ ಮೊದಲು ನಡುವೆ ಓಡುವ ಫಂಕ್ಷನ್) ಬರೆದೆ. ಅದನ್ನು ಉಳಿದ ಎರಡಕ್ಕೂ ನಕಲು ಮಾಡಿದ್ದರಿಂದ ಈಗ ಮೂರು ಪ್ರತಿಗಳೂ ಬೇರೆ ಬೇರೆಯಾಗಿವೆ. ಮೂರಕ್ಕೂ ಒಂದೇ ಪ್ಯಾಕೇಜ್ ಮಾಡಲು ಹೊರಟರೆ, ಪ್ರತಿ ಸರ್ವರ್ ತನಗೆ ಬೇಕಾದಂತೆ ಬದಲಿಸಿಕೊಳ್ಳುವ ಆಯ್ಕೆಗಳು ಹದಿನಾಲ್ಕಾದವು. ಅದೂ ಅಲ್ಲದೆ, ಒಂದೇ ಆ್ಯಪ್‌ನಲ್ಲಿ ಎರಡು ಕಡೆ ಜೋಡಿಸಿದಾಗ ಒಂದರ ಕೀಗಳು ಇನ್ನೊಂದರಲ್ಲಿ ಕಾಣಿಸುತ್ತಿವೆ. ಇದನ್ನು ಹೇಗೆ ಕಟ್ಟಬೇಕಿತ್ತು?

ಉತ್ತರ, ಶಿವಮೊಗ್ಗದಿಂದ

ಕೀಗಳು ಬೆರೆಯುವುದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ. ನೋಡ್ ಒಂದು ಮಾಡ್ಯೂಲನ್ನು ಮೊದಲ ಸಲ ಲೋಡ್ ಮಾಡಿದಾಗ ನೆನಪಿನಲ್ಲಿಟ್ಟುಕೊಂಡು ಮುಂದೆ ಅದನ್ನೇ ಕೊಡುತ್ತದೆ. ಆದ್ದರಿಂದ ಕಡತದ ಮೇಲ್ಭಾಗದಲ್ಲಿ ಇಟ್ಟ ಮ್ಯಾಪ್ (ಕೀ ಮತ್ತು ಅದರ ಉತ್ತರಗಳ ಪಟ್ಟಿ) ಎಲ್ಲ ಜೋಡಣೆಗಳಿಗೂ ಒಂದೇ ಆಗಿರುತ್ತದೆ. ಮಾಡ್ಯೂಲ್ ನೇರವಾಗಿ ಮಿಡಲ್‌ವೇರನ್ನು ಹೊರಗೆ ಕೊಡಬಾರದು, ಆಯ್ಕೆಗಳನ್ನು ಪಡೆದು ಮಿಡಲ್‌ವೇರನ್ನು ಹಿಂತಿರುಗಿಸುವ ಫಂಕ್ಷನ್ನನ್ನು ಕೊಡಬೇಕು. ಸ್ಥಿತಿಯೆಲ್ಲ ಆ ಫಂಕ್ಷನ್ನಿನ ಒಳಗೆ ಹುಟ್ಟಿದರೆ ಪ್ರತಿ ಜೋಡಣೆಗೂ ತನ್ನದೇ ಸ್ಥಿತಿ ಸಿಗುತ್ತದೆ.

ಹದಿನಾಲ್ಕು ಆಯ್ಕೆಗಳಲ್ಲಿ ಬಹುಪಾಲು 'ಹೆಡರ್‌ನಿಂದಲೇ, ಬಾಡಿಯಿಂದಲೇ', 'ಬಳಕೆದಾರರ ಐಡಿ ಸೇರಿಸಬೇಕೇ, ಬೇಡವೇ' ಎಂಬಂಥ ಹೌದು-ಅಲ್ಲಗಳೇ ಇರಬೇಕೆಂದು ಊಹಿಸುತ್ತೇನೆ. ಅವೆಲ್ಲವೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಈ ಕೋರಿಕೆಯ ಗುರುತು ಯಾವುದು? ಕೋರಿಕೆಯನ್ನು ಪಡೆದು ಗುರುತನ್ನು ಹಿಂತಿರುಗಿಸುವ ಒಂದು ಫಂಕ್ಷನ್ನನ್ನೇ ಆಯ್ಕೆಯಾಗಿ ತೆಗೆದುಕೊಂಡರೆ ಮಂಡಿಯ ಸರ್ವರ್ ತನಗೆ ಬೇಕಾದಂತೆ, ಹೋಂಸ್ಟೇ ತನಗೆ ಬೇಕಾದಂತೆ ಬರೆದುಕೊಳ್ಳುತ್ತವೆ. ಆ ಗುರುತಿನಲ್ಲಿ ಬಳಕೆದಾರರ ಐಡಿ ಇರಲೇಬೇಕು, ಇಲ್ಲವಾದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಹೋಗುವ ಅಪಾಯವಿದೆ. ಆಯ್ಕೆಗಳ ತಪಾಸಣೆಯನ್ನು ಸರ್ವರ್ ಏಳುವಾಗಲೇ ಮಾಡಿ, ಹೆಸರು ತಪ್ಪಾದ ಆಯ್ಕೆ ಕಂಡರೆ ಅಲ್ಲಿಯೇ ದೋಷ ಎಸೆಯಿರಿ.

ಉತ್ತರ, ತೀರ್ಥಹಳ್ಳಿಯಿಂದ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕೀ ಮತ್ತು ಉತ್ತರಗಳನ್ನು ಇಡುವ ಸಂಗ್ರಹವನ್ನೂ ಆಯ್ಕೆಗೆ ಬಿಡುವಾಗ ಅದರ ಆಕಾರದಲ್ಲಿಯೇ ಮುಖ್ಯ ಅಪಾಯವಿದೆ. ಸಾಮಾನ್ಯವಾಗಿ 'ಓದು' ಮತ್ತು 'ಬರೆ' ಎಂಬ ಎರಡು ಕ್ರಿಯೆಗಳನ್ನು ಕೇಳುತ್ತೇವೆ. ಮೊದಲ ಕೋರಿಕೆ ಇನ್ನೂ ನಡೆಯುತ್ತಿರುವಾಗಲೇ ಎರಡನೆಯದು ಬಂದರೆ ಎರಡೂ ಓದುತ್ತವೆ, ಎರಡಕ್ಕೂ ಏನೂ ಸಿಗುವುದಿಲ್ಲ, ಎರಡೂ ದಾಖಲಿಸುತ್ತವೆ. ಆ ಏಳು ಚೀಲಗಳು ಮತ್ತೆ ಹದಿನಾಲ್ಕಾಗುತ್ತವೆ. ಆದ್ದರಿಂದ ಸಂಗ್ರಹದಿಂದ ಕೇಳಬೇಕಾದ ಕ್ರಿಯೆಗಳು 'ಹಿಡಿ' (ಕೀಯನ್ನು ತನ್ನದಾಗಿಸಿಕೋ), 'ಮುಗಿಸು' (ಉತ್ತರವನ್ನು ಉಳಿಸು), 'ಬಿಡು' (ಕೀಯನ್ನು ಬಿಟ್ಟುಕೊಡು) ಎಂಬ ಮೂರು. 'ಹಿಡಿ' ಎಂಬುದು ಅವಿಭಾಜ್ಯವಾಗಿರಬೇಕು. ರೆಡಿಸ್‌ನಲ್ಲಾದರೆ (ಮೆಮೊರಿಯಲ್ಲಿ ಡೇಟಾ ಇಡುವ ಪ್ರತ್ಯೇಕ ಸರ್ವರ್) ಸೆಟ್ ಆದೇಶಕ್ಕೆ ಎನ್ಎಕ್ಸ್ ಮತ್ತು ಇಎಕ್ಸ್ ಎರಡನ್ನೂ ಕೊಟ್ಟರೆ, ಕೀ ಇಲ್ಲದಿದ್ದಾಗ ಮಾತ್ರ, ಅವಧಿಯೊಂದಿಗೆ (ಅದು ಮುಗಿದರೆ ಕೀ ತಾನೇ ಅಳಿಯುತ್ತದೆ), ಒಂದೇ ಏಟಿಗೆ ಬರೆಯುತ್ತದೆ. ಹಿಡಿಯಲು ಸಿಗದಿದ್ದರೆ, ಮೊದಲಿನದು ಮುಗಿದಿದ್ದಲ್ಲಿ ಅದರ ಉತ್ತರವನ್ನು ಕೊಡಿ, ಮುಗಿಯದಿದ್ದಲ್ಲಿ 409 (ಸಂಘರ್ಷ ಎಂಬ ಎಚ್‌ಟಿಟಿಪಿ ಸಂಕೇತ) ಕೊಡಿ. ಒಂದಕ್ಕಿಂತ ಹೆಚ್ಚು ಪ್ರೊಸೆಸ್‌ಗಳು ಓಡುತ್ತಿದ್ದರೆ ಮೆಮೊರಿಯ ಮ್ಯಾಪ್ ಪ್ರಯೋಜನಕ್ಕೆ ಬಾರದು.

ಉತ್ತರವನ್ನು ಹಿಡಿದಿಡಲು ರೆಸ್ಪಾನ್ಸ್‌ನ 'ಸೆಂಡ್' (ಉತ್ತರ ಕಳುಹಿಸುವ ಫಂಕ್ಷನ್) ಅನ್ನು ನಿಮ್ಮ ಫಂಕ್ಷನ್ನಿನಿಂದ ಸುತ್ತುವಾಗ ಎಚ್ಚರವಿರಲಿ. ಆಬ್ಜೆಕ್ಟ್ ಕೊಟ್ಟರೆ ಎಕ್ಸ್‌ಪ್ರೆಸ್ 'ಜೇಸನ್' ಅನ್ನು ಕರೆಯುತ್ತದೆ, ಅದು ತಿರುಗಿ 'ಸೆಂಡ್' ಅನ್ನೇ ಕರೆಯುತ್ತದೆ. ಹೀಗೆ ನಿಮ್ಮ ಹೊದಿಕೆ ಎರಡು ಸಲ ಓಡುತ್ತದೆ. ಉತ್ತರ ಕಳುಹಿಸಿ ಮುಗಿಯಿತೆಂಬ 'ಫಿನಿಶ್' ಸೂಚನೆ ಬಂದ ಮೇಲೆ ಉಳಿಸೋಣ ಎಂದುಕೊಳ್ಳಬೇಡಿ, ಏಕೆಂದರೆ ಸಂಪರ್ಕ ನಡುವೆ ಕಡಿದರೆ ಆ ಸೂಚನೆಯನ್ನು ನೆಚ್ಚುವಂತಿಲ್ಲ, ನಿಮ್ಮ ಕಷ್ಟ ಹುಟ್ಟುವುದೇ ಸಂಪರ್ಕ ಕಡಿದಾಗ. ಉತ್ತರವನ್ನು ಮೊದಲು ಉಳಿಸಿ, ಆಮೇಲೆ ಕಳುಹಿಸಿ. ಅದೇ ಕಾರಣಕ್ಕೆ, ಮೊಬೈಲ್ ದೂರವಾದೊಡನೆ ಹಿಡಿತವನ್ನು ಬಿಡಬೇಡಿ. ಡೇಟಾಬೇಸ್‌ನ ಕೆಲಸ ಆಗಲೂ ನಡೆಯುತ್ತಿರಬಹುದು. ದಾಖಲೆ ಆಗಿಲ್ಲವೆಂದು ಖಚಿತವಾದ ದೋಷಗಳಲ್ಲಿ ಮಾತ್ರ ಬಿಡಿ.

ಪ್ರಶ್ನೆ ಕೇಳಿದವರಿಂದ

ಈಗ ಆಯ್ಕೆಗಳು ಮೂರೇ ಉಳಿದಿವೆ: ಗುರುತು, ಸಂಗ್ರಹ, ಅವಧಿ. ನನ್ನದು 'ಓದು, ಬರೆ' ರೀತಿಯದೇ ಆಗಿತ್ತು; ಇಷ್ಟು ದಿನ ಅದೃಷ್ಟದಿಂದ ನಡೆದಿದೆ ಎಂದು ತಿಳಿದು ಕಳವಳವಾಯಿತು. ಇನ್ನು ಜೋಡಿಸುವ ಸ್ಥಳದ ಬಗ್ಗೆ ತಿಳಿಸುವಿರಾ? ಎರಡು ಸರ್ವರ್‌ಗಳು ಇನ್ನೂ ಎಕ್ಸ್‌ಪ್ರೆಸ್ 4ರಲ್ಲಿವೆ.

ಉತ್ತರ, ಶಿವಮೊಗ್ಗದಿಂದ

ಲಾಗಿನ್ ತಪಾಸಣೆ ಮತ್ತು ಜೇಸನ್ ಓದುವ ಮಿಡಲ್‌ವೇರ್‌ಗಳ ನಂತರ, ರೂಟ್‌ಗಳಿಗಿಂತ ಮೊದಲು ಜೋಡಿಸಿ. ಗುರುತಿನಲ್ಲಿ ವಿಳಾಸವನ್ನು ಸೇರಿಸುವುದಾದರೆ 'ಒರಿಜಿನಲ್‌ಯುಆರ್‌ಎಲ್' ಬಳಸಿ, ಏಕೆಂದರೆ ಒಂದು ಪಥದ ಮೇಲೆ ಜೋಡಿಸಿದಾಗ 'ಯುಆರ್‌ಎಲ್'ನಿಂದ ಆ ಪಥ ಕಳಚಿಹೋಗಿರುತ್ತದೆ. 2024ರಲ್ಲಿ ಬಂದ ಎಕ್ಸ್‌ಪ್ರೆಸ್ 5, ವಿಫಲವಾದ ಪ್ರಾಮಿಸ್ (ನಂತರ ಮುಗಿಯುವ ಕೆಲಸದ ಫಲ) ಅನ್ನು ತಾನೇ 'ನೆಕ್ಸ್ಟ್'ಗೆ (ಮುಂದಿನ ಹಂತಕ್ಕೆ ಸಾಗಿಸುವ ಫಂಕ್ಷನ್) ಒಪ್ಪಿಸುತ್ತದೆ. 4 ಹಾಗೆ ಮಾಡುವುದಿಲ್ಲ. ಪ್ಯಾಕೇಜ್ ಎರಡರಲ್ಲೂ ಓಡಬೇಕಾದ್ದರಿಂದ ದೋಷವನ್ನು ನೀವೇ ಹಿಡಿದು 'ನೆಕ್ಸ್ಟ್'ಗೆ ಕೊಡಿ. ಸಿದ್ಧವಾದ ಮೇಲೆ ಒಂದೇ ಕೀ ಇರುವ ಇಪ್ಪತ್ತು ಕೋರಿಕೆಗಳನ್ನು ಒಟ್ಟಿಗೆ ಕಳುಹಿಸಿ, ಡೇಟಾಬೇಸ್‌ನಲ್ಲಿ ಎಷ್ಟು ಸಾಲುಗಳಿವೆ ಎಂದು ಎಣಿಸಿ ಇಲ್ಲಿ ಬರೆಯಿರಿ.